ಕರಿಹಸು ಕರು ಹಾಕಿದ ಸುದ್ದಿ

ಪ್ರವಾಸದ ಬಸ್ಸಿನಲ್ಲಿ ಜನರನ್ನು ಕರೆದುಕೊಂಡು ಹೋಗಿ, ತೋರಿಸಿ, ಸುರಕ್ಷಿತವಾಗಿ ವಾಪಸ್ಸು ತಂದುಬಿಡುವುದು ನನ್ನ ಕೆಲಸ. ಕಾಶಿ, ಗಯಾ, ಹರಿದ್ವಾರ ಅಂತ ಹೊರಟರೆ ವಾರಗಟ್ಟಲೆ ಮನೆಯ ಮುಖ ನೋಡುವಂತಿಲ್ಲ. ಎಲ್ಲಿದ್ದರೂ ಬೆಳಗಿನ ತಿಂಡಿಯ ಹೊತ್ತಿಗೆ ಪಾಲಹಳ್ಳಿಯಿಂದ ಅವ್ವನ ಫೋನು ಬರುತ್ತದೆ. ಹಾಲು ಡೈರಿಗೆ ಹಾಕಿ ಬಂದು, ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಕೂತು ಮಾಡುತ್ತಾಳೆ. ಹಿನ್ನೆಲೆಯಲ್ಲಿ ಹಸುಗಳು ಮೆಲುಕು ಹಾಕುವ ಸದ್ದು ಕೂಡ ಕೇಳುತ್ತದೆ.

ದೀಪಾವಳಿ ಮುಗಿದ ಮೇಲೆ ಹೊರಟಿದ್ದ ಒಂದು ಪ್ರವಾಸದಲ್ಲಿ ನನ್ನ ಫೋನು ಕೆಟ್ಟಿತ್ತು. ಕಿವಿಗೆ ಹಿಡಿದರೆ ಏನೂ ಕೇಳದು, ಸ್ಪೀಕರು ಹಾಕಿದರೆ ಮಾತ್ರ ಮಾತು. ಹಾಗಾಗಿ ಅವ್ವನ ಸುದ್ದಿಯನ್ನು ಬಸ್ಸಿನ ಮುಂದಿನ ಸೀಟುಗಳವರೆಲ್ಲ ಕೇಳಲೇಬೇಕಾಯಿತು. ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಕೆ.ಆರ್. ಪೇಟೆಯ ಒಬ್ಬ ಅಜ್ಜಿ. ಕಂಬಳಿ ಹೊದ್ದು, ಕಿಟಕಿಯಾಚೆ ಹೋಗುತ್ತಿದ್ದ ಸಾಸಿವೆ ಹೊಲಗಳನ್ನು ಬಿಟ್ಟು, ನನ್ನ ಫೋನಿನ ಕಡೆಗೇ ಕಿವಿ ಕೊಡುತ್ತಿದ್ದರು.

"ಉಂಡ್ಯಾ?" ಅಂತ ಅವ್ವ ಶುರು ಮಾಡುವಳು. ನಾನು ಹೂಂ ಅನ್ನುವಷ್ಟರಲ್ಲಿ ಊರೆಲ್ಲ ಬಂದುಬಿಡುತ್ತಿತ್ತು. ನಾಲೆ ಏರಿ ಮೇಲೆ ಕಬ್ಬಿನ ಟ್ರಾಕ್ಟರು ಹೂತುಕೊಂಡಿದ್ದು, ನುಗ್ಗೆ ಮರಕ್ಕೆ ಕಂಬಳಿಹುಳ ಬಿದ್ದಿದ್ದು, ಆಲೆಮನೆಯವರು ಬಿಸಿ ಬೆಲ್ಲ ಕೊಟ್ಟಿದ್ದು. ಕೊನೆಗೆ ಕರಿಹಸುವಿನ ಸುದ್ದಿ. ಅದಕ್ಕೆ ದಿನ ತುಂಬಿತ್ತು.

"ನಿಮ್ಮಪ್ಪ ನಾಗಮಂಗಲದಲ್ಲಿ ಅವ್ರೆ ಕಣವ್ವ. ನಿಮ್ಮತ್ತೆಗೆ ಕಣ್ ಆಪರೇಸನ್ನು, ಆದಿಚುಂಚನಗಿರಿ ಆಸ್ಪತ್ರೇಲಿ. ಇರಾಕೆ ಗಂಡಸ್ರು ಬೇಕು ಅಂದ್ರು, ಒಂಟೋದ್ರು. ಈ ಅಸ ನೋಡುದ್ರೆ ಇವತ್ತೋ ನಾಳೆಯೋ ಅಂತೈತೆ."

"ಒಬ್ಬಳೇ ಏನು ಮಾಡ್ತೀಯವ್ವ?"

"ಅಸ ಅಲ್ವಾ ಈಯೋದು, ನಾನಾ?" ಅಂದು ಫೋನಿಟ್ಟಳು. ಅಜ್ಜಿ ಕಂಬಳಿಯೊಳಗೇ ನಕ್ಕರು.

ಅವ್ವ ಒಬ್ಬಳೇ ಅಂದರೆ ನಿಜವಾಗಿ ಒಬ್ಬಳೇ ಅಲ್ಲ. ನಮ್ಮ ಹಿತ್ತಲಿಗೂ ಚಿಕ್ಕಪ್ಪನ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆಯಷ್ಟೇ ಇರುವುದು. ಚಿಕ್ಕಪ್ಪ ಪಾಂಡವಪುರಕ್ಕೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಚಿಕ್ಕಮ್ಮ ಹಗಲೆಲ್ಲ ಮನೆಯಲ್ಲೇ ಇರುತ್ತಾಳೆ. ಆದರೆ ಅವ್ವನಿಗೂ ಚಿಕ್ಕಮ್ಮನಿಗೂ ಮಾತು ನಿಂತು ವರ್ಷಗಳಾಗಿದ್ದವು. ಚಿಕ್ಕಮ್ಮನ ಮಗಳ ಮದುವೆಯಲ್ಲಿ, ಹೆಣ್ಣಿಗೆ ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಅವ್ವನನ್ನು ಕರೆಯಲಿಲ್ಲ. ಆ ಹುಡುಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವ್ವ. ಹೊಸ ಸೀರೆ ಉಟ್ಟುಕೊಂಡು ನಮ್ಮ ನಡುಮನೆಯಲ್ಲೇ ಕಾದು ಕೂತಿದ್ದವಳು, ಆಚೆ ಹಾಡು ಶುರುವಾದದ್ದು ಕೇಳಿಸಿ ಸುಮ್ಮನೆ ಎದ್ದು ಸೀರೆ ಬದಲಾಯಿಸಿದಳು. ಮದುವೆಗೆ ಹೋದಳು, ಊಟ ಮಾಡಿದಳು, ಆದರೆ ಆಮೇಲೆ ಚಿಕ್ಕಮ್ಮನ ಜೊತೆ ಮಾತಾಡಲಿಲ್ಲ. ಗಂಡಸರು ಎಂದಿನಂತೆ ಜಗಲಿ ಮೇಲೆ ಕೂತು ಹರಟುತ್ತಿದ್ದರು. ಇವರಿಬ್ಬರು ಮಾತ್ರ ಬಟ್ಟೆ ಒಣಹಾಕುವಾಗಲೂ ಮುಖ ತಿರುಗಿಸಿಕೊಂಡೇ ಇರುತ್ತಿದ್ದರು. ಅವ್ವ ಅವಳ ಪ್ರಸ್ತಾಪ ಬಂದರೆ "ಆ ಮನೆ" ಅನ್ನುತ್ತಿದ್ದಳು, ಅಷ್ಟೇ.

ಮಾರನೆಯ ದಿನ ಬಸ್ಸು ಗಯಾ ದಾಟಿತ್ತು. ತಿಂಡಿ ಹೊತ್ತು ಮೀರಿದರೂ ಫೋನು ಬರಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅಜ್ಜಿ ನನಗಿಂತ ಹೆಚ್ಚಾಗಿ ಚಡಪಡಿಸಿದರು. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಅವ್ವನೇ ಮಾಡಿದಳು.

"ಎಣ್ಣು ಕರು ಕಣವ್ವ! ಅಣೆ ಮ್ಯಾಲೆ ಬಿಳೀ ಬೊಟ್ಟು. ಕಾಲು ಕಾಣ್ತು, ತಲೆ ಬರ್ನಿಲ್ಲ. ಡಾಕ್ಟ್ರಿಗೆ ಫೋನ್ ಮಾಡುದ್ರೆ ದೂರದಲ್ಲಿವ್ನಿ, ಬತ್ತೀನಿ ಅಂದ್ರು. ಅವ್ರು ಬರಗಂಟ ಕಾಯಾಕಾಯ್ತದಾ? ಇಬ್ರೂ ಸೇರಿ ಎಳುದ್ವು. ಬಂದ್ಬುಡ್ತು. ಈಗ ಎದ್ದು ನಿಂತದೆ, ಮೊಲೆ ಉಡುಕ್ತಾ ಐತೆ."

ಬಸ್ಸಿನವರೆಲ್ಲ ತಟ್ಟೆ ಹಿಡಿದುಕೊಂಡೇ ಸಂತೋಷಪಟ್ಟರು. ಫೋನಿಟ್ಟ ಮೇಲೆ ಅಜ್ಜಿ ನನ್ನ ತೋಳು ತಿವಿದರು.

"ಇಬ್ರೂ ಸೇರಿ ಅಂದ್ಲಲ್ಲ ನಿಮ್ಮವ್ವ. ನಿಮ್ಮಪ್ಪ ಊರಲ್ಲಿಲ್ಲ. ಇನ್ನೊಬ್ರು ಯಾರು ಅಂತ ಕೇಳ್ನಿಲ್ವಲ್ಲ ನೀನು!"

ನನಗೆ ಆಗ ಹೊಳೆಯಿತು. ಸಂಜೆ ನಾನೇ ಫೋನು ಮಾಡಿ ಕೇಳಿದೆ. ಅವ್ವ "ಆ ಮನೇವ್ಳು" ಅಂದಳು. "ಅಸ ಒದ್ದಾಡೋದು ಗೋಡೆ ಮ್ಯಾಗಿಂದ ಕಾಣ್ತಂತೆ. ಬಂದ್ಲು." ಕೂಡಲೇ ನುಗ್ಗೆ ಮರದ ಹುಳದ ಮಾತಿಗೆ ಹೋಗಿಬಿಟ್ಟಳು.

ಮುಂದಿನ ಬೆಳಗಿನ ಸುದ್ದಿ, ಗಿಣ್ಣು ಮಾಡಿದೆ ಅಂತ.

"ಆ ಮನೇಗೂ ಒಂದ್ ಪಾತ್ರೆ ಕೊಟ್ಟೆ."

"ಕೈಗೆ ಕೊಟ್ಯಾ?"

"ಗೋಡೆ ಮ್ಯಾಲೆ ಮಡಗ್ಬುಟ್ಟು, ಪಾತ್ರೆ ಸದ್ದು ಮಾಡಿ ಬಂದೆ."

ಅದರ ಮರುದಿನ ಪಾತ್ರೆ ವಾಪಸ್ಸು ಬಂದಿತ್ತು, ಅದರ ತುಂಬ ಹಿತ್ತಲಿನ ಅವರೆಕಾಯಿ. ಅವ್ವ ಅದನ್ನು ಸುಲಿದು ಸಾರು ಮಾಡಿ ಉಂಡದ್ದನ್ನೂ ಹೇಳಿದಳು. "ಸೊಗಡು ಚೆನ್ನಾಗಿತ್ತು" ಅಂತಲೂ ಸೇರಿಸಿದಳು. ಅಜ್ಜಿ ತಲೆಯಾಡಿಸಿ, "ರಾಜಿ ಆಯ್ತು ಬುಡು" ಅಂದರು. ನನಗೇನೋ ಅಷ್ಟು ನಂಬಿಕೆ ಬರಲಿಲ್ಲ. ಅವ್ವನ ಬಿಗಿ ನನಗೆ ಗೊತ್ತು.

ಹರಿದ್ವಾರದಲ್ಲಿ ಬಸ್ಸು ಕೆಟ್ಟು ನಿಂತ ಬೆಳಿಗ್ಗೆ ಫೋನು ಬಂತು. ಹಿಂದಿನ ಸೀಟಿನಲ್ಲಿದ್ದ ದಂಪತಿ ಈ ಕರುವಿನ ಕಥೆ ಮೊದಲಿಂದ ಕೇಳಿರಲಿಲ್ಲವಂತೆ, ಇನ್ನೊಂದು ಸಲ ಹೇಳಿಸು ಅಂದರು. ಅವ್ವ ಖುಷಿಯಿಂದಲೇ ಶುರು ಮಾಡಿದಳು. "ಮೊದ್ಲು ಎರಡೂ ಕಾಲು ಕಾಣ್ತಾ..."

"ಅಂಗಲ್ಲ ಕಣಕ್ಕ, ಮೊದ್ಲು ಒಂದೇ ಕಾಲು ಬಂದಿದ್ದು. ಇನ್ನೊಂದ ನಾನು ಬೆರಳಾಕಿ ತಿರುಗಿಸ್ಲಿಲ್ವಾ?"

ಅದು ಚಿಕ್ಕಮ್ಮನ ದನಿ. ಅವ್ವನ ಪಕ್ಕದಲ್ಲೇ ಇದ್ದಾಳೆ ಅನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಏಳಾಕ್ ಬುಡ್ತೀಯಾ ನನ್ನ?" ಅಂದಳು ಅವ್ವ.

"ಸರ್ಯಾಗಿ ಏಳು ಮತ್ತೆ."

ಇಬ್ಬರೂ ಒಟ್ಟಿಗೆ ಹೇಳತೊಡಗಿದರು. ಯಾರು ಹಗ್ಗ ಕಟ್ಟಿದ್ದು, ಯಾರು ಹಸುವಿನ ಕುತ್ತಿಗೆ ಹಿಡಿದದ್ದು ಅನ್ನುವುದಕ್ಕೆ ಜಗಳವೇ ಆಯಿತು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ನನ್ನ ಬದಲು ಅಜ್ಜಿಯೇ ಹೂಂಗುಟ್ಟಿದರು.

ಊರಿಗೆ ಬಂದ ಮೇಲೆ, ಕರುವನ್ನು ನೋಡಲು ಕೊಟ್ಟಿಗೆಗೆ ಹೋದಾಗ, ಅವ್ವ ಮಿಕ್ಕಿದ್ದನ್ನು ಹೇಳಿದಳು. ಕರು ಬಿದ್ದ ಮೇಲೆ ಇಬ್ಬರೂ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರಂತೆ. ಅಷ್ಟು ಹೊತ್ತೂ "ಇಡಿ", "ಎಳಿ", "ನಿಧಾನ" ಬಿಟ್ಟು ಬೇರೆ ಮಾತಿಲ್ಲ. ಆಗ ಚಿಕ್ಕಮ್ಮ ಅಂದಳಂತೆ, "ಅವತ್ತು ಅರಿಸ್ನಕ್ಕೆ ನಿನ್ನ ಕರ್ಕಬರಾಕೆ ಏಳಿ ಕಳ್ಸಿದ್ದೆ ಕಣಕ್ಕ. ಕರ್ಯಾಕೋದವ್ರು ನಿನ್ನತ್ರ ಬಂದ್ರೋ ಇಲ್ವೋ, ಗಲಾಟೇಲಿ ನಾನು ನೋಡ್ನಿಲ್ಲ. ನಾನೇ ಬರ್ಬೇಕಿತ್ತು."

"ನೀನೇನಂದೆ?" ಅಂತ ಕೇಳಿದೆ.

"ಏನಂತೀನಿ? ಸೋಪು ಕೊಟ್ಟೆ. ಮೊಣಕೈ ಗಂಟ ತೊಳ್ಕೊ ಅಂದೆ."

ಆಮೇಲೆ ಕರುವಿನ ಕತ್ತು ಕೆರೆಯುತ್ತ, "ನಾನೂ ಎದ್ದು ಓಗ್ಬೋದಿತ್ತು ಅಲ್ವಾ, ನಾಲ್ಕೆಜ್ಜೆ" ಅಂದಳು. ಅವಳು ನನ್ನನ್ನು ಕೇಳಿದ್ದಲ್ಲ.

ಆ ಶುಕ್ರವಾರ ಇಬ್ಬರೂ ನನ್ನನ್ನು ಹೊರಡಿಸಿಕೊಂಡು ಗಂಜಾಂಗೆ, ನಿಮಿಷಾಂಬ ದೇವಸ್ಥಾನಕ್ಕೆ ಹೋದರು. ಹರಕೆ ಯಾರದ್ದು ಅಂತ ನಾನು ಕೇಳಲಿಲ್ಲ. ಪೂಜೆ ಮುಗಿಸಿ ಮೆಟ್ಟಿಲ ಮೇಲೆ, ಕಾವೇರಿಯಲ್ಲಿ ಪಾದ ಇಳಿಬಿಟ್ಟು ಕೂತೆವು. ಚಿಕ್ಕಮ್ಮ ಕುಂಕುಮದ ಪೊಟ್ಟಣ ಬಿಚ್ಚಿ ಮೊದಲು ಅವ್ವನ ಹಣೆಗೆ ಇಟ್ಟು, ಆಮೇಲೆ ಕೆನ್ನೆಗೆ ಒಂದಿಷ್ಟು ಅರಿಶಿನವನ್ನೂ ಹಚ್ಚಿದಳು. ಅವ್ವ ಮುಖ ಚಾಚಿ ಸುಮ್ಮನೆ ಹಚ್ಚಿಸಿಕೊಂಡಳು.

"ಜಾಸ್ತಿ ಆಯ್ತು ಕಣೆ" ಅಂದಳು, ಆದರೆ ಒರೆಸಿಕೊಳ್ಳಲಿಲ್ಲ. ಆಟೋದಲ್ಲಿ ಊರು ಸೇರುವವರೆಗೂ ಹಳದಿ ಕೆನ್ನೆಯಲ್ಲೇ ಕೂತು, ಸಂಜೆ ಹಸುವಿನ ಹಾಲು ಯಾರು ಕರೆಯಬೇಕು ಅಂತ ಚಿಕ್ಕಮ್ಮನ ಜೊತೆ ವಾದ ಮಾಡುತ್ತಿದ್ದಳು.