ಬೀಗ ಬಿದ್ದ ರಿವಾಯತ್ ಪದಗಳು

ಸುರಪುರದಲ್ಲಿ ಕಾಕಾ ತೀರಿಕೊಂಡ ಮೇಲೆ ಅವರ ಮೊಬೈಲ್ ತೆರೆಯಲು ಮನೆಯಲ್ಲಿ ಯಾರಿಗೂ ಆಗಲಿಲ್ಲ. ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿತ್ತು. ಅವರ ಹೆಂಡತಿ ಚಿಗವ್ವ ಮೊದಲು ಮೆಮೊರಿ ಕಾರ್ಡ್ ತೆಗೆಸಿ, ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟಳು. ಆಮೇಲೆ ಮೊಬೈಲನ್ನು ಅಂಗಡಿಯಲ್ಲಿ ರೀಸೆಟ್ ಮಾಡಿಸಿ ತಾನೇ ಬಳಸತೊಡಗಿದಳು. ಕಾಕಾ ಹಾಡಿಟ್ಟ ಹಾಡೆಲ್ಲ ಕಾರ್ಡಿನಲ್ಲಿವೆ, ಕಾರ್ಡ್ ತನ್ನ ಕೈಯಲ್ಲಿದೆ ಎಂಬ ಧೈರ್ಯ ಅವಳಿಗೆ. ಕೇಳಿದ್ದರೆ ನಾನೂ ಹಾಗೇ ಮಾಡು ಎನ್ನುತ್ತಿದ್ದೆ.

ಕಾಕಾ ಮೊಹರಂನಲ್ಲಿ ಕರ್ಬಲಾ ಕಥೆಯ ರಿವಾಯತ್ ಪದ ಹಾಡುವ ಮೇಳದ ಮುಂದಾಳು. ನುಡಿ ಹಾಡುವವರು ಅವರೊಬ್ಬರೇ. ಉಳಿದವರು ಪಲ್ಲವಿಗೆ ದನಿ ಕೂಡಿಸುತ್ತಿದ್ದರು. ಶಹಾಪುರದ ಮೇಳದವರು ತಮ್ಮ ಪದ ಕದಿಯುತ್ತಾರೆಂಬ ಗುಮಾನಿಯಿಂದ ಅವರು ಯಾರಿಗೂ ಪೂರ್ತಿ ಕಲಿಸಲಿಲ್ಲ. ಕೆಮ್ಮು ಹೆಚ್ಚಾದ ಮೇಲೆ ಒಬ್ಬರೇ ಕೂತು ಎಲ್ಲವನ್ನೂ ಮೊಬೈಲಿನಲ್ಲಿ ಹಾಡಿಟ್ಟರು. ಕಾರ್ಡನ್ನು ಬೇರೆ ಫೋನಿಗೆ ಹಾಕಿದರೂ ಹಾಡು ಕೇಳಿಸಬಾರದೆಂದು ಅದಕ್ಕೂ ಬೀಗ ಹಾಕಿಸಿದ್ದರು. ಇದು ನಮಗೆ ತಿಳಿದದ್ದು ಬಹಳ ತಡವಾಗಿ.

ಮೊಹರಂ ಹತ್ತಿರವಾದಾಗ ಮೇಳದವರು ಆ ಹಾಡು ಬೇಕೆಂದು ಬಂದರು. ಕಾರ್ಡ್ ಹಾಕಿದರೆ ಪದಗಳ ಹೆಸರು ಸಾಲಾಗಿ ಕಂಡವು, ಒಂದೂ ತೆರೆಯಲಿಲ್ಲ. ಫೋನು, ಕಾರ್ಡು ಎರಡನ್ನೂ ಯಾದಗಿರಿಗೆ ತಂದೆ. ನಾನು ಕೆಲಸ ಮಾಡುವ ಪತ್ರಿಕೆ ಕಚೇರಿಯ ಕೆಳಗಿನ ಮೊಬೈಲ್ ಅಂಗಡಿಯವನು ನೋಡಿ, "ಕಾರ್ಡ್ ಕೆಟ್ಟಿಲ್ರಿ. ಇದರ ಕೀಲಿಕೈ ಫೋನಿನ್ಯಾಗ ಇತ್ತು. ರೀಸೆಟ್ ಮಾಡಿಸೀರಿ, ಹೋಯ್ತು" ಎಂದ.

ಫೋನ್ ಅದೇ ಅಲ್ಲವೇ ಎಂದೆ.

"ಅದೇ ಖರೆ ರಿ. ಆದ್ರ ಅದಕ್ಕ ಈಗ ಏನೂ ನೆನಪಿಲ್ಲ."

ಬೇರೆ ಅಂಗಡಿಗಳಲ್ಲಿಯೂ ವಿಚಾರಿಸಿದೆ. ಉತ್ತರ ಬದಲಾಗಲಿಲ್ಲ.

ಮರಳುವಾಗ ಶಹಾಪುರದಲ್ಲಿ ಇಳಿದು ಅಲ್ಲಿನ ಮೇಳದ ಹಿರಿಯರನ್ನು ಕಂಡೆ. ಕಾಕಾ ಅವರ ಪದ ಒಂದಾದರೂ ನಿಮಗೆ ಬರುತ್ತದೆಯೇ ಎಂದು ಕೇಳಿದೆ. ಅವರು ಚಹಾ ತರಿಸಿದರು.

"ನಿಮ್ಮ ಕಾಕಾ ಒಂದರ ಕದಿಯಾಕ ಬಿಟ್ಟಿದ್ರ ಹಾಡಿ ತೋರಸ್ತಿದ್ದೆ, ತಮ್ಮಾ."

ಸುರಪುರಕ್ಕೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಳದವರು ಕಟ್ಟೆಯ ಮೇಲೆ ಕೂತಿದ್ದರು. ಚಿಗವ್ವ ಅಳಲಿಲ್ಲ.

"ಒಳಗ ಹಾಡು ಅದಾವಲ್ಲ?"

"ಅದಾವ."

"ಮುಂದ ಯಾವತ್ತರ ತೆರೀತದೇನು?"

ಇಲ್ಲ ಎಂದೆ. ಸುಳ್ಳು ಹೇಳಬಹುದಿತ್ತು, ಹೇಳಿದ್ದರೆ ಆ ಕಾರ್ಡ್ ಹಿಡಿದು ಊರೂರು ಅಲೆಯುತ್ತಿದ್ದಳು. ಅವಳು ಮೇಳದವರ ಕಡೆ ತಿರುಗಿದಳು.

"ಹಬ್ಬ ನಿಲ್ಲಸಬ್ಯಾಡ್ರಿ. ಬ್ಯಾರೆಯವರ ಪದ ಹಾಡ್ರಿ."

ಮರುದಿನ ಅವರು ಪದ ಕಲಿಯಲು ಶಹಾಪುರದ ಬಸ್ ಹತ್ತಿದರು.