ಹೆಸರಿದೆ, ಹೂವೆಲ್ಲಿ?

2023ರ ಅಕ್ಟೋಬರಿನಲ್ಲಿ ನಾನು ಧರ್ಮಪುರಿ ಕಡೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಹುದ್ದೆಯ ಹೆಸರು ಕೇಳಲು ಚೆಂದ. ಕೆಲಸ ಮಾತ್ರ ಲ್ಯಾಬಿನ ಕಂಪ್ಯೂಟರುಗಳು ಕೆಟ್ಟಾಗ ರಿಪೇರಿ ಮಾಡುವುದು, ಕೆಡದಿದ್ದಾಗ ಕೆಟ್ಟಿದೆ ಎಂದು ಬರುವವರನ್ನು ಸಮಾಧಾನ ಮಾಡಿ ಕಳಿಸುವುದು. ಆ ನೌಕರಿಯಲ್ಲಿ ನನಗೆ ಸಿಟ್ಟು ತರಿಸುತ್ತಿದ್ದ ಮಾತು ಒಂದೇ: "ಫಾರ್ಮ್ಯಾಟ್ ಮಾಡಿಬಿಡಿ." ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕುವುದು. ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯ ಅದು. ನಮ್ಮ ಕಡೆಯ ಅಂಗಡಿಗಳಲ್ಲಿ ಆ ವೈದ್ಯವೇ ಹೆಚ್ಚು.

ವಿಜಯದಶಮಿ ಕಳೆದ ಮರುದಿನ ಕೋಕಿಲಾ ಫೋನ್ ಮಾಡಿದಳು. ಸೇಲಂನ ಅಮ್ಮಾಪೇಟೆಯ ನೇಕಾರರ ಮನೆಯ ಹುಡುಗಿ, ನಮ್ಮಲ್ಲೇ ಡಿಪ್ಲೊಮಾ ಓದಿದವಳು. ಕಾಲೇಜಿನಲ್ಲಿದ್ದಷ್ಟು ದಿನ ನಾವಿಬ್ಬರೂ ತಮಿಳಿನಲ್ಲೇ ಮಾತಾಡಿದ್ದೆವು. ಅವಳ ಮದುವೆಗೆ ಹೋದಾಗಲೇ ಅವರ ಮನೆಮಾತೂ ನನ್ನ ಪಾಲಕೋಡಿನ ಮನೆಯ ಹಾಗೆ ಕನ್ನಡ ಎಂದು ತಿಳಿದು, ಇಬ್ಬರೂ ನಕ್ಕಿದ್ದೆವು. ಅವತ್ತು ಫೋನಿನಲ್ಲಿ ಅವಳು ನಗುತ್ತಿರಲಿಲ್ಲ.

"ಮೇಡಂ, ಲ್ಯಾಪ್‌ಟಾಪು ಆನ್ ಆಗ್ತೈತೆ, ಒಳಕ್ಕೆ ಓಗಾಕ್ ಬುಡಾಕಿಲ್ಲ. ಕಪ್ಪು ಸ್ಕ್ರೀನು, ಮೇಲೆ ಲಾಗಿನ್ ಅಂತ ಬಿಳೀ ಅಕ್ಸರ, ಅಷ್ಟೇ. ಬಸ್‌ಸ್ಟ್ಯಾಂಡ್ ಅಂಗಡಿಯವ್ರು ಫಾರ್ಮ್ಯಾಟ್ ಪಣ್ಣಿಡಲಾಂ, ಮಾಡ್ಬುಡಾಣ ಅಂತಾರೆ. ಅಪ್ಪನ್ ಡಿಸೈನೆಲ್ಲಾ ಅದ್ರಲ್ಲೇ ಐತೆ ಮೇಡಂ."

"ಯಾರೂ ಮುಟ್ಟಕೂಡದು, ನಾನೇ ಬತ್ತೀನಿ," ಎಂದೆ.

ಮುಂದಿನ ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ತೊಪ್ಪೂರಿನ ಇಳಿಜಾರಿನಲ್ಲಿ ಲಾರಿಯೊಂದು ಅಡ್ಡ ನಿಂತು, ಬಸ್ಸು ಆಮೆಯ ಹಾಗೆ ತೆವಳಿತು. ಆ ಹೊತ್ತಿನಲ್ಲಿ ನಾನು ಸಾಧ್ಯತೆಗಳನ್ನು ಲೆಕ್ಕ ಹಾಕುತ್ತಿದ್ದೆ. ಕೋಕಿಲಾಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಲಿನಕ್ಸ್. ದುಡ್ಡು ಕೊಡದೆ ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್ ಎಂದು ಅದನ್ನು ಹಾಕಿಸಿದವಳು ನಾನೇ. ಲಿನಕ್ಸ್‌ನಲ್ಲಿ ಚಿತ್ರ, ಕಿಟಕಿ, ಬಣ್ಣ ಎಲ್ಲ ತೋರಿಸುವ ಭಾಗ ಬೇರೆ, ಒಳಗೆ ದುಡಿಯುವ ಭಾಗ ಬೇರೆ. ತೋರಿಸುವ ಭಾಗ ಏಳದಿದ್ದರೆ ಕಪ್ಪು ಪರದೆಯ ಮೇಲೆ ಹೆಸರು ಕೇಳುವ ಅಕ್ಷರಗಳು ಮಾತ್ರ ಬರುತ್ತವೆ. ಡಿಸ್ಕ್ ತುಂಬಿದ್ದರೂ ಹಾಗಾಗಬಹುದು, ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೂ ಆಗಬಹುದು.

ಅಮ್ಮಾಪೇಟೆಯ ಅವರ ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ. ಅದಕ್ಕೆ ಕಟ್ಟಿದ ಮಾವಿನೆಲೆ ಒಣಗಿತ್ತು. ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪು, ಮುಚ್ಚಳಕ್ಕೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಕೋಕಿಲಾಳ ತಂದೆ ಚೌಡಯ್ಯನವರು ಮಗ್ಗದ ಹತ್ತಿರ ಕೂತಿದ್ದರು. ಎದ್ದು ಕೈ ಮುಗಿದರು, ಮತ್ತೆ ಕೂತರು. ಬಾಯಿ ತುಂಬ ಮಾತಾಡುವ ಮನುಷ್ಯ, "ಬಾ ತಾಯಿ" ಎಂದಷ್ಟೇ ಹೇಳಿ ಮಗ್ಗದ ಕಡೆ ತಿರುಗಿಕೊಂಡರು.

ಅವರ ಕಸುಬನ್ನು ಇಲ್ಲಿ ಹೇಳಬೇಕು. ಸೀರೆಯ ಅಂಚಿನ ಹೂಬಳ್ಳಿಯನ್ನು ಮೊದಲು ಚೌಕುಳಿ ಕಾಗದದ ಮೇಲೆ ಬರೆಯುತ್ತಾರೆ. ಒಂದೊಂದು ಚೌಕವೂ ಎಳೆಗೆ ಎಳೆ ಸೇರುವ ಒಂದೊಂದು ಜಾಗ. ಆ ಚಿತ್ರ ನೋಡಿ ರಟ್ಟಿನ ಅಟ್ಟೆಗಳಿಗೆ ತೂತು ಹೊಡೆಯುತ್ತಾರೆ, ತೂತಿನ ಲೆಕ್ಕದಂತೆ ಮಗ್ಗ ಎಳೆ ಎತ್ತುತ್ತದೆ. ಚೌಡಯ್ಯನವರು ಯೌವನದಿಂದಲೂ ಇಂಥ ಚಿತ್ರ ಬರೆದವರು. ಈಚೆಗೆ ಕೈ ನಡುಗಲು ಶುರುವಾಗಿ ಪೆನ್ಸಿಲ್ ನಿಲ್ಲುತ್ತಿರಲಿಲ್ಲ. ಮಗಳು ಹಳೆಯ ಕಾಗದಗಳನ್ನೆಲ್ಲ ಲ್ಯಾಪ್‌ಟಾಪಿಗೆ ಏರಿಸಿ, ಅಪ್ಪನಿಗೆ ಮೌಸ್ ಹಿಡಿಯಲು ಕಲಿಸಿದಳು. ಕೈ ನಡುಗಿದರೂ ಕ್ಲಿಕ್ ಮಾಡಿದರೆ ಚೌಕ ಚೌಕವಾಗಿಯೇ ತುಂಬುತ್ತದೆ. ತಪ್ಪಿದರೆ ಅಳಿಸಬಹುದು. ಅವರ ಕಸುಬು ಉಳಿದದ್ದು ಹಾಗೆ.

"ಕಾಗದಗಳು ಇದಾವಲ್ಲ?" ಎಂದು ಕೇಳಿದೆ.

ಕೋಕಿಲಾ ನೆಲ ನೋಡಿದಳು. "ಇಲ್ಲ ಮೇಡಂ. ಆಯುದ ಪೂಜೆಗೆ ಮುಂಚೆ ಮನೆ ಕ್ಲೀನ್ ಮಾಡ್ವಾಗ ಅಪ್ಪನೇ ಅಳೇ ಪೇಪರ್‌ನವನ್ಗೆ ಆಕ್ಬುಟ್ರು. ಕಂಪ್ಯೂಟರ್‌ನಲ್ಲಿ ಐತಲ್ಲ ಅಂತ."

ಒಬ್ಬ ಮನುಷ್ಯ ಜೀವಮಾನವಿಡೀ ಬರೆದದ್ದು ಇದೊಂದು ಡಬ್ಬಿಯಲ್ಲಿದೆ, ಬೇರೆ ಪ್ರತಿ ಇಲ್ಲ.

ನನ್ನ ಮೊದಲ ಅನುಮಾನ ಪೂಜೆಯ ಮೇಲೇ ಹೋಯಿತು. ಕೀಬೋರ್ಡಿನೊಳಗೆ ತೀರ್ಥ ಇಳಿದಿರಬಹುದು. "ನೀರು ಚಿಮುಕಿಸಿದ್ರಾ?" ಎಂದೆ. ಇಲ್ಲವಂತೆ, ಮುಚ್ಚಿ ಬೊಟ್ಟಿಟ್ಟದ್ದಷ್ಟೇ. ಆನ್ ಮಾಡಿದೆ. ಕಪ್ಪು ಪರದೆ, ಬಿಳಿ ಅಕ್ಷರದಲ್ಲಿ ಲಾಗಿನ್. ಯೂಸರ್ ಹೆಸರು ಹೊಡೆದೆ, ಪಾಸ್‌ವರ್ಡ್ ಕೇಳಿತು.

"ಅಲ್ಲೇ ಮೇಡಂ ಕೀಬೋರ್ಡು ಸತ್ತೋಗೋದು," ಎಂದಳು ಕೋಕಿಲಾ. "ಏನ್ ಒತ್ತಿದ್ರೂ ಒಂದ್ ಚುಕ್ಕೀನೂ ಬರಾಕಿಲ್ಲ."

"ಸತ್ತಿಲ್ಲ ಕಣಮ್ಮ. ಇಲ್ಲಿ ಪಾಸ್‌ವರ್ಡ್ ಹೊಡೆದ್ರೆ ಕಾಣ್ಸೋದೇ ಇಲ್ಲ, ಅದರ ಗುಣವೇ ಹಾಗೆ. ಕಣ್ಣು ಮುಚ್ಕೊಂಡು ಹೊಡಿ, ಎಂಟರ್ ಒತ್ತು."

ಹೊಡೆದಳು. ಒಳಗೆ ಬಿಟ್ಟಿತು. ಫೋಲ್ಡರಿನಲ್ಲಿ ಏನಿದೆ ಎಂದು ಕೇಳುವ ಆದೇಶ ಕೊಟ್ಟೆ. ಮಲ್ಲಿಗೆ ಅಂಚು, ಅನ್ನಪಕ್ಷಿ, ರುದ್ರಾಕ್ಷಿ, ಗೋಪುರ... ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರುಗಳು ಪರದೆಯಿಡೀ ಸಾಲುಗಟ್ಟಿದವು. ಮೊದಲು ಅಷ್ಟನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆ. ರಿಪೇರಿ ಆಮೇಲೆ, ಜೀವ ಮೊದಲು.

"ಎಲ್ಲ ಇದೆ ಚೌಡಯ್ಯನವರೇ, ನೋಡಿ," ಎಂದು ಕರೆದೆ.

ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಎಸ್ರು ಐತೆ. ಹೂವೆಲ್ಲಿ?"

ಫೈಲುಗಳು ಸರಿಯಾಗಿವೆ ಎಂದು ನಾನು ನಂಬಿದ್ದೆ, ಆದರೆ ಅಕ್ಷರ ಮಾತ್ರ ಬರುವ ಆ ಪರದೆಯಲ್ಲಿ ತೋರಿಸುವುದು ಹೇಗೆ? ಅವರು ವಾಪಸು ಹೋಗಿ ಕೂತರು.

ಕಾರಣ ಹುಡುಕತೊಡಗಿದೆ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಮುಂದೆ ಡಿಸ್‌ಪ್ಲೇ ಮ್ಯಾನೇಜರ್, ಅಂದರೆ ಬಣ್ಣದ ಲಾಗಿನ್ ಪರದೆಯನ್ನು ಎಬ್ಬಿಸುವ ಪ್ರೋಗ್ರಾಮ್ ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸಿದೆ. ಅಂಥದ್ದು ಇಲ್ಲವೇ ಇಲ್ಲ ಎಂಬ ಉತ್ತರ ಬಂತು. ಕೆಟ್ಟಿದ್ದರೆ ಕೆಟ್ಟಿದೆ ಎನ್ನುತ್ತಿತ್ತು. ಇದು ಯಾರೋ ತೆಗೆದುಹಾಕಿದ್ದು.

"ಯಾವುದಾದರೂ ಪ್ರೋಗ್ರಾಮ್ ತೆಗೆದ್ರಾ?" ಎಂದು ಕೇಳಿದೆ.

"ಅಯ್ಯೋ, ನಾವೇನೂ ಮಾಡ್ಲಿಲ್ಲ ಮೇಡಂ. ಪೂಜೆ ಮಾಡಿದ್ವಿ, ಅಷ್ಟೇ."

ರಿಪೇರಿಗೆ ಬರುವ ಯಂತ್ರಗಳೆಲ್ಲ ತಮ್ಮಷ್ಟಕ್ಕೇ ಕೆಟ್ಟವು. ಇದನ್ನು ಮೂವತ್ತು ವರ್ಷ ಕೇಳಿದ್ದೇನೆ. ಬಾಯಿಗೆ ಬಂದ ಕುಹಕವನ್ನು ನುಂಗಿದೆ, ಯಾಕೆಂದರೆ ಆ ಹೊತ್ತಿಗೆ ಚೌಡಯ್ಯನವರ ಮುಖ ಕಂಡಿತ್ತು. ಅವರು ಲ್ಯಾಪ್‌ಟಾಪಿನ ಕಡೆ ತಿರುಗದೆ, ಒಣಗಿದ ಮಾವಿನೆಲೆಯನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದರು. ನಾನು ಲ್ಯಾಪ್‌ಟಾಪಿನ ಮಾತು ಬಿಟ್ಟು ಮಗ್ಗದ ಮಾತು ತೆಗೆದೆ.

"ಪೂಜೆಗೆ ಮುಂಚೆ ಮಗ್ಗಕ್ಕೆ ಏನೇನು ಮಾಡ್ತೀರಿ?"

ಕಸುಬಿನ ಮಾತು ಬಂದಾಗ ಅವರ ದನಿ ಮರಳಿತು. "ಸುಮ್ಕೆ ಬೊಟ್ಟಿಟ್ರೆ ಆಯ್ತದಾ ತಾಯಿ? ಮುಂಚಿನ್ ದಿನ ಎಲ್ಲಾ ಬಿಚ್ಬೇಕು. ನೂಲಿನ್ ತೂಸಿ, ದೂಳು ಉಜ್ಜಿ ತೆಗೀಬೇಕು. ಬೇಡದ್ ಅಗ್ಗ, ಬೇಡದ್ ಗೂಟ, ಒಂದೂ ಇರ್ಬಾರ್ದು. ಆಯುದ ಬೆತ್ತಲೆ ಆಗ್ಬೇಕು, ಆಮೇಲೇ ಪೂಜೆ. ಅದ್ಕೇ ಇದ್ನೂ ಅಂಗೇ..."

ಕೈಯಲ್ಲಿದ್ದ ಎಲೆಯ ಪುಡಿಯನ್ನು ನೆಲಕ್ಕೆ ಉದುರಿಸಿದರು.

"ಅಪ್ಪಾ!" ಎಂದಳು ಕೋಕಿಲಾ.

ನಡೆದದ್ದು ಇಷ್ಟು. ಲ್ಯಾಪ್‌ಟಾಪಿನಲ್ಲಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಜಾಗವನ್ನು ಮಗಳೇ ಒಮ್ಮೆ ಅವರಿಗೆ ತೋರಿಸಿದ್ದಳು. ಪೂಜೆಯ ಮುನ್ನಾದಿನ ಅವರು ಅದನ್ನು ತೆರೆದು, ತಾವು ಬಳಸದ ಮೇಲ್, ಕ್ಯಾಲೆಂಡರ್ ಮುಂತಾದವನ್ನು ಒಂದೊಂದಾಗಿ ತೆಗೆದರು. ಮೇಲ್ ಮತ್ತು ಕ್ಯಾಲೆಂಡರಿನ ವಿವರ ಕೂಡಿಡುವ ಒಂದು ಭಾಗವನ್ನು ಚಿತ್ರ, ಕಿಟಕಿ ತೋರಿಸುವ ಡೆಸ್ಕ್‌ಟಾಪು ಸಹ ನೆಚ್ಚಿಕೊಂಡಿರುತ್ತದೆ. ಅದನ್ನು ಕಿತ್ತರೆ ಡೆಸ್ಕ್‌ಟಾಪೂ ಹೋಗುತ್ತದೆ, ಡಿಸ್‌ಪ್ಲೇ ಮ್ಯಾನೇಜರೂ ಹಿಂದೆಯೇ ಹೋಗುತ್ತದೆ. ಇವೆಲ್ಲ ಹೋಗುತ್ತವೆ, ಸರಿಯೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತ್ತು. ಚೌಡಯ್ಯನವರು ಓಕೆ ಒತ್ತಿ, ಆಫ್ ಮಾಡಿ, ಮುಚ್ಚಿ, ವಿಭೂತಿ ಹಚ್ಚಿದ್ದರು.

"ನಾನೇ ನನ್ ಕೈಯಾರ ಕೆಡಿಸ್ಬುಟ್ಟೆ," ಎಂದರು. "ಕಾಗ್ದಾನೂ ಬಿಸಾಕ್ದೆ, ಇದ್ನೂ ಕೊಂದೆ. ಮಗಳ್ಗೆ ಏಳಾಕ್ ಬಾಯಿ ಬರ್ಲಿಲ್ಲ ತಾಯಿ."

ಅಷ್ಟು ದಿನ ಅವರು ಅದನ್ನು ಒಳಗೇ ಇಟ್ಟುಕೊಂಡು ಊಟ ಮಾಡಿದ್ದರು, ಮಲಗಿದ್ದರು. "ಕೊಂದಿಲ್ಲ," ಎಂದೆ. "ತೆಗೆದದ್ದನ್ನ ವಾಪಸ್ ಹಾಕ್ತೀನಿ. ಉಳಿದದ್ದು ಇದ್ದ ಹಾಗೇ ಇರುತ್ತೆ."

ನನ್ನ ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ ಇಂಟರ್ನೆಟ್ ಕೊಟ್ಟೆ. ಡೆಸ್ಕ್‌ಟಾಪಿನ ಪ್ಯಾಕೇಜನ್ನು ಮತ್ತೆ ಹಾಕುವ ಒಂದು ಸಾಲಿನ ಆದೇಶ ಹೊಡೆದೆ. ಅಕ್ಷರಗಳು ಸರಸರ ಮೇಲೇರತೊಡಗಿದವು. ಚೌಡಯ್ಯನವರು ಹಿಂದೆ ಬಂದು ನಿಂತರು.

"ಅಂಗಡಿಯೋರು ಎಲ್ಲಾ ಅಳಿಸ್ಬೇಕು ಅಂದ್ರಲ್ಲ?"

"ಬೇಕಿಲ್ಲ. ಇರೋದಕ್ಕೇ ಸೇರಿಸ್ತಾ ಇದೀನಿ."

"ಓ, ಗಂಟಾಕಾದು. ನಾವೂ ಅಷ್ಟೇ ತಾಯಿ. ಹಾಸಿನ್ ನೂಲು ಮುಗುದ್ರೆ ಹಳೇ ಎಳೆ ತುದಿ ಮಗ್ಗದಲ್ಲೇ ಬುಟ್ಟು, ಒಸ ಎಳೆ ಅದಕ್ಕೇ ಗಂಟಾಕ್ತೀವಿ. ಹಳೇದ್ ಪೂರಾ ಎಳ್ದಾಕಿದ್ರೆ ಮತ್ತೆ ಒಂದೊಂದ್ ಎಳೆ ಪೋಣಿಸ್ಬೇಕು, ಸಾಕೋ ಸಾಕು." ನಮ್ಮ ಲ್ಯಾಬಿನಲ್ಲಿ ನಾನು ಇದನ್ನೇ ಒಂದು ಗಂಟೆ ಪಾಠ ಮಾಡುತ್ತಿದ್ದೆ.

ಕೆಲಸ ಮುಗಿದು ರೀಸ್ಟಾರ್ಟ್ ಮಾಡಿದೆ. ಪರದೆ ಕಪ್ಪಾಯಿತು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಪ್ಪಾಗಿಯೇ ಇತ್ತು. ಕೋಕಿಲಾ ಚೌಡೇಶ್ವರಿಯನ್ನು ಕರೆಯುವುದು ಕೇಳಿಸಿತು, ನಾನೂ ಮನಸ್ಸಿನಲ್ಲಿ ಕರೆದೆ. ಆಮೇಲೆ ಬಣ್ಣ ಬಂತು. ಮಲ್ಲಿಗೆ ಅಂಚಿನ ಫೈಲು ತೆರೆದೆ. ಚೌಕ ಚೌಕವಾಗಿ ಬಳ್ಳಿ, ಮೊಗ್ಗು, ಕೊನೆಯಲ್ಲಿ ಅರ್ಧ ಬರೆದು ಬಿಟ್ಟಿದ್ದ ಒಂದು ಎಲೆ.

ಕೋಕಿಲಾ ನನ್ನನ್ನು ಪಕ್ಕಕ್ಕೆ ಕರೆದಳು. "ಅಪ್ಪನ್ಗೆ ಬೇರೆ ಪಾಸ್‌ವರ್ಡ್ ಮಾಡ್ಕೊಡಿ ಮೇಡಂ, ಏನೂ ತೆಗೆಯಾಕ್ ಆಗ್ದಂಗೆ." ನಿಯಮದ ಪ್ರಕಾರ ಅವಳು ಹೇಳಿದ್ದೇ ಸರಿ, ಲ್ಯಾಬಿನಲ್ಲಿ ನಾನು ಮಾಡುತ್ತಿದ್ದದ್ದೂ ಅದೇ. ತಿರುಗಿ ನೋಡಿದರೆ ಚೌಡಯ್ಯನವರು ಮೇಜಿನ ಮುಂದೆ ಕೈ ಕಟ್ಟಿ ನಿಂತಿದ್ದರು, ಬೇರೆಯವರ ಅಂಗಡಿಯಲ್ಲಿ ನಿಂತವರ ಹಾಗೆ. ತಮ್ಮದೇ ಹೂವನ್ನು ನೋಡುತ್ತಿದ್ದರು, ಮುಟ್ಟುತ್ತಿರಲಿಲ್ಲ.

"ಬೇಡ," ಎಂದೆ ಕೋಕಿಲಾಗೆ. "ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ತಗೋ. ಏನಾದ್ರೂ ಆದ್ರೆ ನಾನಿದೀನಿ." ಅವಳು ಅಪ್ಪನನ್ನು ನೋಡಿದಳು. ಕುರ್ಚಿ ಎಳೆದು, ಮೌಸನ್ನು ಅವರ ಕೈಗಿಟ್ಟಳು. ನಡುಗುವ ಕೈ ಒಂದು ಚೌಕ ತುಂಬಿತು, ಮತ್ತೊಂದು ತುಂಬಿತು. ಆ ಎಲೆ ಮುಗಿಯುವ ತನಕ ಅವರು ನಮ್ಮ ಕಡೆ ತಿರುಗಲಿಲ್ಲ. ಕೋಕಿಲಾ ತಂದಿಟ್ಟಿದ್ದ ನನ್ನ ಕಾಫಿ ಆರಿಹೋಯಿತು.

ಕೆಟ್ಟ ಯಂತ್ರದ ಮುಂದೆ ಕೂತಾಗ ಅದಕ್ಕಿಂತ ಮೊದಲು ಮನೆಯವರ ದಿನಚರಿಯನ್ನು ಕೇಳಬೇಕು ಎಂಬುದು ನನ್ನ ಕೆಲಸ ನನಗೆ ಕಲಿಸಿದ ಪಾಠ. ಅದೂ ತಪ್ಪು ಹುಡುಕುವ ದನಿಯಲ್ಲಲ್ಲ. ಯಾರೂ ಬೇಕೆಂದು ಕೆಡಿಸುವುದಿಲ್ಲ. ಚೌಡಯ್ಯನವರು ಲ್ಯಾಪ್‌ಟಾಪನ್ನು ಕೆಡಿಸಿದ್ದು ಅದನ್ನೂ ಮಗ್ಗದಷ್ಟೇ ಮರ್ಯಾದೆಯಿಂದ ಕಂಡದ್ದರಿಂದ.

ಈಗ ನಾನು ನಿವೃತ್ತಳು. ಆದರೂ ಆಯುಧಪೂಜೆಯ ಮುನ್ನಾದಿನ ಸೇಲಂನಿಂದ ತಪ್ಪದೆ ಫೋನ್ ಬರುತ್ತದೆ.

"ತಾಯಿ, ನಾಳೆ ಪೂಜೆ. ಇದ್ರಲ್ಲಿ ಏನ್ ತೆಗೀಲಿ?"

"ಧೂಳು," ಎನ್ನುತ್ತೇನೆ.

"ಅಷ್ಟೇಯಾ?"

"ಅಷ್ಟೇ."

ಆ ಕಡೆಯಿಂದ ಬಟ್ಟೆಯಲ್ಲಿ ಒರೆಸುವ ಸದ್ದು ಕೇಳಿಸುತ್ತದೆ. ಅದು ನಿಲ್ಲುವವರೆಗೂ ನಾನು ಫೋನ್ ಇಡುವುದಿಲ್ಲ.