ಖಾಲಿ ನೋಟ್‌ಬುಕ್ಕಿನ ಪುರಾವೆ

ಬಿ.ಎಸ್ಸಿ ಸೀಟಿಗೆ ಪಿಯುಸಿ ಕೆಮಿಸ್ಟ್ರಿಯೊಳಗ ನಾಕು ಮಾರ್ಕ್ಸ್ ಕಡಿಮಿ ಬಿದ್ದಿದ್ವು. ಮೇಲ್ಮನವಿ ಕೊಡಾಕ ಹಿರೇಕೆರೂರಿನಿಂದ ಬಸ್ಸಿನ್ಯಾಗ ನಿಂತಕೊಂಡ ಯೂನಿವರ್ಸಿಟಿ ಆಫೀಸಿಗೆ ಹೋದೆ. ಕಿಡಕಿಯೊಳಗಿನ ಕ್ಲರ್ಕ್ ನನ್ನ ಅರ್ಜಿ ಓದಿ ನಕ್ಕರು.

“ಕಲಿಸಾಕ ಮಾಸ್ತರು ಇರಲಿಲ್ಲಂತ ಬರದ್ರ ನಡ್ಯೂದಿಲ್ಲವ್ವಾ. ಪರೀಕ್ಷೆ ವ್ಯಾಳ್ಯಾದಾಗ ಕಾಮಣಿ ಜಡ್ಡ ಆಗಿತ್ತಂತ ಬರಿ, ಡಾಕ್ಟರ್ ಸರ್ಟಿಫಿಕೇಟ್ ಹಚ್ಚು. ಎಲ್ಲಾರೂ ಹಂಗ ಮಾಡ್ತಾರ.”

“ನನಗೇನೂ ಆಗಿರಲಿಲ್ರಿ. ಎರಡು ವರ್ಷ ಗೈಡ್ ಹಿಡಕೊಂಡ ನಾನ ಓದೇನಿ. ಸರಕಾರ ಮಾಸ್ತರನ್ನ ಹಾಕಲಿಲ್ಲಂದ್ರ ನಾ ಯಾಕ ಜಡ್ಡ ಬೀಳ್ಲಿ?”

“ಹಂಗಾದ್ರ ಪುರಾವೆ ಕೊಡು.”

ಚೀಲದಾಗಿಂದ ನಮ್ಮ ಸರಕಾರಿ ಕಾಲೇಜಿನ ಕೆಮಿಸ್ಟ್ರಿ ನೋಟ್‌ಬುಕ್ ತಗದು ಮುಂದಿಟ್ಟೆ. ರಟ್ಟಿನ ಮ್ಯಾಲೆ ನನ್ನ ಹೆಸರು, ಒಳಗೆಲ್ಲಾ ಖಾಲಿ.

ಅವರ ನಗಿ ನಿಂತಿತು. “ಅರ್ಜಿಗೆ ಹಚ್ಚಿದ ಪ್ರತಿ ಪುಟಕ್ಕೂ ನಂಬರ್ ಹಾಕಿ ಸಹಿ ಮಾಡಬೇಕು. ರೂಲ್ ಐತಿ,” ಅಂದ್ರು. ಇಷ್ಟಂದ್ರ ಹುಡುಗಿ ಹೊಳ್ಳಿ ಊರಿಗೆ ಹೋಗ್ತಾಳ ಅಂದ್ಕೊಂಡಿರಬೇಕು. ನಾ ಅಲ್ಲೇ ಬೆಂಚಿನ ಮ್ಯಾಲೆ ಕುಂತು, ಇನ್ನೂರು ಪುಟಕ್ಕೂ ನಂಬರ್ ಹಾಕಿ ಸಹಿ ಮಾಡಿದೆ. ಆಮ್ಯಾಲೆ ನೋಟ್‌ಬುಕ್ ಕೊಟ್ಟು, ಅವರ ತಲಿ ಮ್ಯಾಲಿನ ಬೋರ್ಡ್ ತೋರಿಸಿದೆ. ಸ್ವೀಕರಿಸಿದ ಪ್ರತಿ ಪುಟಕ್ಕೂ ಕಚೇರಿಯ ಶಿಕ್ಕಾ ಹಾಕತಕ್ಕದ್ದು ಅಂತ ಬರದಿತ್ತು.

“ಇನ್ನ ನಿಮ್ಮ ಪಾಳಿರಿ ಸರ್.”

ಊಟದ ಹೊತ್ತಾದ್ರೂ ಶಿಕ್ಕಾ ಬಡಿಯೂ ಸಪ್ಪಳ ನಿಲ್ಲಲಿಲ್ಲ. ನಾನೂ ಕಿಡಕಿ ಬಿಟ್ಟು ಕದಲಲಿಲ್ಲ.

ಸೀಟಿನ ಉತ್ತರ ಇನ್ನೂ ಬಂದಿಲ್ಲ. ಆದ್ರ ಎರಡು ವರ್ಷ ಖಾಲಿ ಇದ್ದ ನನ್ನ ಕೆಮಿಸ್ಟ್ರಿ ನೋಟ್‌ಬುಕ್ಕನ್ನ ಸರಕಾರ ಕಡೀಕೂ ಒಂದು ದಿನ ಕುಂತು ತುಂಬಿಸಿತು.